ಅಳೆಯುವ ಕಣ್ಣು, ಆಲಿಸುವ ಕಣ್ಣು

ಜನಾಂಗ ಅಧ್ಯಯನಕಾರ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟ ತಂದಾಗ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಈ ಸೀಮೆಯ ಬೆಟ್ಟಗಳ ಸೋಲಿಗ ಬುಡಕಟ್ಟಿನವರೂ ಆ ಪುಟಗಳಲ್ಲಿದ್ದಾರೆ. ಅವನ ಬಳಿ ಕ್ಯಾಮೆರಾದ ಜೊತೆಗೆ ಮೂಗು, ತಲೆ ಅಳೆಯುವ ಉಪಕರಣವೂ ಇತ್ತು; ಜನರನ್ನು ಹೋಲಿಸುವುದೆಂದರೆ ಅಂದು ಅಳೆಯುವುದು.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಹಿಡಿದದ್ದು ಬೇರೆ ದಾರಿ. ಆಡುವ ಮಕ್ಕಳು, ದುಡಿಯುವ ಹೆಂಗಸರು, ಬೀದಿಬದಿಯ ನಗು, ಹೀಗೆ ನಿತ್ಯದ ಬದುಕೇ ಅವರ ವಸ್ತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯನ್ನೂ ತಲುಪಿದವು.

ಕೊಳ್ಳೇಗಾಲದ ರೇಷ್ಮೆ ಮಗ್ಗ, ಹನೂರಿನ ರಾಗಿ ಹೊಲ, ಬಿಳಿಗಿರಿರಂಗನ ಬೆಟ್ಟದ ಜೇನು: ಮೂರನ್ನೂ ಸತ್ಯನ್ನರ ಕಣ್ಣಿನಿಂದ ಪಕ್ಕಪಕ್ಕ ಇಟ್ಟು ನೋಡಿ. ಕಸುಬು ಬೇರೆ, ಉಡುಗೆ ಬೇರೆ; ದುಡಿದು ಬೆವರೊರೆಸುವ ಕೈ ಮಾತ್ರ ಒಂದೇ.