ಯಂತ್ರ ಉಳಿಸಿಕೊಡುವ ಸಮಯ ಯಾರಿಗೆ ಬೇಕು?

ನಿವೃತ್ತಿಯ ಹಣ ಕೈಗೆ ಬಂದ ತಿಂಗಳಲ್ಲೇ ಕಾರ್ ಶೆಡ್ಡು ಖಾಲಿ ಮಾಡಿಸಿ, ಟೇಬಲ್ ಸಾ, ಪ್ಲೇನರ್, ರೂಟರ್ ಎಲ್ಲವನ್ನೂ ಒಟ್ಟಿಗೆ ತಂದು ಕೂರಿಸಿಕೊಂಡವರು ಮೈಸೂರಿನಲ್ಲಿ ನನಗೆ ಗೊತ್ತಿರುವವರೇ ನಾಲ್ಕು ಜನ. ಅವರಲ್ಲಿ ನಾನೂ ಒಬ್ಬ. ಬ್ಯಾಂಕಿನಲ್ಲಿ 34 ವರ್ಷ ಕಳೆದ ಮೇಲೆ ಮರಗೆಲಸ ಕಲಿಯುತ್ತೇನೆ ಎಂದಾಗ ಸಿಕ್ಕಿದ ಸಲಹೆ ಎಲ್ಲರದೂ ಒಂದೇ. “ಈ ವಯಸ್ಸಲ್ಲಿ ಕೈಯಲ್ಲಿ ಒದ್ದಾಡೋದು ಬೇಡ. ಮೊದಲು ಒಳ್ಳೇ ಮಿಷನ್ ಹಾಕಿಸ್ಕೊಳ್ಳಿ, ಕೆಲಸ ಆಮೇಲೆ ತಾನಾಗೇ ಬರುತ್ತೆ.” ಹೇಳಿದವರಾರೂ ಕೆಟ್ಟದ್ದು ಬಯಸಿದವರಲ್ಲ. ಆದರೂ ಆ ಸಲಹೆ ತಪ್ಪು. ಆರು ವರ್ಷ ಅದೇ ಶೆಡ್ಡಿನಲ್ಲಿ ನಿಂತು ಕೆಲಸ ಮಾಡಿದ ಮೇಲೆ ಈ ಮಾತನ್ನು ಹೇಳುತ್ತಿದ್ದೇನೆ.

ಯಂತ್ರ ಇರುವುದು ಸಮಯ ಉಳಿಸುವುದಕ್ಕೆ. ಗೃಹಪ್ರವೇಶದ ದಿನ ಗೊತ್ತಾಗಿದೆ, ಅಷ್ಟರೊಳಗೆ ಹನ್ನೆರಡು ಕಿಟಕಿ, ಏಳು ಬಾಗಿಲು ಕೂರಬೇಕು ಎಂದಾಗ ಕೈಗರಗಸ ಹಿಡಿದು ಕೂರಲಾಗದು. ಅಲ್ಲಿ ಯಂತ್ರ ಬೇಕೇಬೇಕು. ಅದನ್ನು ನಂಬಿಕೊಂಡು ಎಷ್ಟೋ ಸಂಸಾರಗಳು ನಡೆಯುತ್ತಿವೆ. ಆದರೆ ಅರವತ್ತು ತುಂಬಿ ಮನೆಯಲ್ಲಿರುವವನ ಹತ್ತಿರ ಧಾರಾಳವಾಗಿ ಇರುವುದು ಸಮಯ ಒಂದೇ. ಇರುವ ಸಂಪತ್ತನ್ನೇ ಉಳಿಸಲು ಲಕ್ಷಗಟ್ಟಲೆ ಸುರಿಯುವುದು ಯಾವ ಲೆಕ್ಕ? ಒಂದು ಹಲಗೆಯನ್ನು ಹತ್ತರಿ ಹೊಡೆದು ಮಟ್ಟ ಮಾಡಲು ನನಗೆ ಒಂದು ಬೆಳಗ್ಗೆ ಬೇಕು. ಯಂತ್ರಕ್ಕೆ ಎರಡು ನಿಮಿಷ ಸಾಕು. ಆ ಬೆಳಗ್ಗೆಯಲ್ಲಿ ಹಲಗೆಯ ಗಂಟು ಎಲ್ಲಿದೆ, ಎಳೆ ಯಾವ ಕಡೆ ತಿರುಗಿದೆ, ಎಲ್ಲಿ ಕಿತ್ತು ಬರುತ್ತದೆ ಎಂದು ನನ್ನ ಕೈ ಕಲಿಯುತ್ತದೆ. ಆ ಎರಡು ನಿಮಿಷದಲ್ಲಿ ನಾನು ಏನನ್ನೂ ಕಲಿಯುವುದಿಲ್ಲ.

ಜಾಗದ ಮಾತನ್ನಂತೂ ಸಲಹೆ ಕೊಡುವವರು ಎತ್ತುವುದೇ ಇಲ್ಲ. ನಮ್ಮ ಊರುಗಳಲ್ಲಿ 30–40 ಸೈಟಿನ ಮನೆಯ ಶೆಡ್ಡು ಎಂದರೆ ಹತ್ತು ಅಡಿಗೆ ಹದಿನೈದು. ಎಂಟು ಅಡಿಯ ಹಲಗೆಯನ್ನು ಟೇಬಲ್ ಸಾ ಮೇಲೆ ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಮುಂದೆ ಎಂಟಡಿ, ಹಿಂದೆ ಎಂಟಡಿ ಖಾಲಿ ಇರಬೇಕು. ಹದಿನಾರಡಿಗೂ ಮೇಲಾಯಿತು. ನಾನು ಗೇಟು ತೆರೆದು, ಅರ್ಧ ಹಲಗೆಯನ್ನು ರಸ್ತೆಗೆ ಚಾಚಿಕೊಂಡು ಸೀಳಿದ್ದೇನೆ. ಧೂಳು ಪಕ್ಕದ ಮನೆಯ ಒಣಹಾಕಿದ ಬಟ್ಟೆಯ ಮೇಲೆ ಕೂತಿತು. ಆ ಮನೆಯಾಕೆ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಬಟ್ಟೆಯನ್ನು ತಾರಸಿಗೆ ಹೊತ್ತು ಒಣಹಾಕತೊಡಗಿದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಹತ್ತರಿಯಿಂದ ಬೀಳುವುದು ಸುರುಳಿ ಚಕ್ಕೆ, ಪೊರಕೆಯಲ್ಲಿ ಗುಡಿಸಿ ಹಾಕಬಹುದು. ಯಂತ್ರ ಎಬ್ಬಿಸುವುದು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುವ ನುಣುಪು ಹುಡಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟು ದಶಕಗಳಾದವು. ಯಂತ್ರ ತರುವವರಲ್ಲಿ ಎಷ್ಟು ಜನ ಧೂಳು ಹೀರುವ ವ್ಯವಸ್ಥೆಯನ್ನೂ ಜೊತೆಗೆ ತರುತ್ತಾರೆ?

ಇನ್ನು ಅಪಾಯ. ವಯಸ್ಸಾದವರಿಗೆ ಯಂತ್ರವೇ ಸುರಕ್ಷಿತ ಎನ್ನುವುದು ಈ ಸಲಹೆಯ ಅತ್ಯಂತ ಕೆಟ್ಟ ಭಾಗ. ಹತ್ತು ಇಂಚಿನ ಬ್ಲೇಡು ನಿಮಿಷಕ್ಕೆ ನಾಲ್ಕೂವರೆ ಸಾವಿರ ಸುತ್ತು ತಿರುಗಿದರೆ ಅದರ ಹಲ್ಲುಗಳ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಸೀಳಿದ ಹಲಗೆ ಒಳಗಿನ ಬಿಗಿತದಿಂದ ಮತ್ತೆ ಕೂಡಿಕೊಂಡು ಬ್ಲೇಡಿನ ಹಿಂಬದಿಯನ್ನು ಹಿಡಿದರೆ, ಅದೇ ವೇಗದಲ್ಲಿ ನಮ್ಮ ಹೊಟ್ಟೆಯ ಕಡೆಗೆ ಹಾರುತ್ತದೆ. ಟೇಬಲ್ ಸಾ ಮನೆಮನೆಯಲ್ಲಿರುವ ಅಮೆರಿಕದಲ್ಲಿ, ಅದರ ಬ್ಲೇಡು ತಗುಲಿ ಆಸ್ಪತ್ರೆಗೆ ಬರುವವರು ವರ್ಷಕ್ಕೆ ಸುಮಾರು 30,000 ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗವೇ ಲೆಕ್ಕ ಹಾಕಿದೆ. ನಮ್ಮ ವಯಸ್ಸಿನವರಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿದ್ದಾರೆ, ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಮರಗಟ್ಟಿದವರಿದ್ದಾರೆ. ಉಳಿ ಜಾರಿದರೆ ಗಾಯವಾಗುತ್ತದೆ, ಹೊಲಿಗೆ ಬೀಳಬಹುದು. ಬ್ಲೇಡು ತಗುಲಿದರೆ ಬೆರಳೇ ಹೋಗುತ್ತದೆ.

ಹಾಗಾದರೆ ಶುರು ಎಲ್ಲಿಂದ? ನನ್ನ ಉತ್ತರ ಸಾಣೆಕಲ್ಲು.

ಮಳೆಗಾಲದಲ್ಲಿ ಉಬ್ಬಿದ ಹಿತ್ತಲ ಬಾಗಿಲನ್ನು ಸರಿಮಾಡಲು ಬಂದ ಆಚಾರ್ರು ಒಮ್ಮೆ ನನ್ನ ಉಳಿ ಕೇಳಿದರು. ಪೆಟ್ಟಿಗೆಯಿಂದ ಹೊಸದನ್ನೇ ತೆಗೆದುಕೊಟ್ಟೆ. ಹೆಬ್ಬೆರಳಿನ ಉಗುರಿಗೆ ಆನಿಸಿ ನೋಡಿ ಪಕ್ಕಕ್ಕಿಟ್ಟರು. “ಇದಿನ್ನೂ ಉಳಿ ಆಗಿಲ್ಲ ಸಾರ್, ಬರೀ ಉಕ್ಕಿನ ತುಂಡು,” ಎಂದರು. ತಮ್ಮ ಚೀಲದಿಂದ ಮಟ್ಟಸವಾದ ಕಲ್ಲು ತೆಗೆದು ನೀರು ಚಿಮುಕಿಸಿದರು. ಮೊದಲು ಉಳಿಯ ಬೆನ್ನನ್ನು ಉಜ್ಜಿದರು. ಅದು ಕನ್ನಡಿಯ ಹಾಗೆ ಮಟ್ಟವಾಗುವವರೆಗೆ ಮುಖದ ಕಡೆ ತಿರುಗಿಸಲೇ ಇಲ್ಲ. ಆಮೇಲೆ ಓರೆ. ತುದಿಯಲ್ಲಿ ಕೂದಲಿಗಿಂತ ತೆಳುವಾದ ಮುಳ್ಳಿನಂಥ ಅಂಚು ಎದ್ದಿತು. ಅದನ್ನು ನನ್ನ ಬೆರಳಿಗೆ ಮುಟ್ಟಿಸಿ ತೋರಿಸಿ, ಬೆನ್ನಿನ ಕಡೆಯಿಂದ ಎರಡೇ ಎಳೆತಕ್ಕೆ ತೆಗೆದರು. ಇಪ್ಪತ್ತು ನಿಮಿಷ ಹಿಡಿಯಿತು. ಅಲ್ಲೇ ಬಿದ್ದಿದ್ದ ಸಿಲ್ವರ್ ಓಕ್ ತುಂಡೊಂದರ ಅಡ್ಡ ಕೊಯ್ದ ತುದಿಯನ್ನು ಸವರಿದರು. ಮೊದಲು ನಾನು ಸವರಿದಾಗ ಅಲ್ಲಿ ನಾರು ಜಜ್ಜಿ ಬೆಳ್ಳಗೆ ಹುಡಿಹುಡಿಯಾಗಿತ್ತು. ಈಗ ಮೇಣ ಹಚ್ಚಿದಂತೆ ಹೊಳೆಯಿತು. ಸದ್ದೂ ಬೇರೆ: ಕರಕರ ಹೋಗಿ, ಸೌತೆಕಾಯಿ ಸಿಪ್ಪೆ ಹೆರೆವಾಗಿನ ಸದ್ದು.

ಅಂದಿನವರೆಗೆ ಕೈಯುಪಕರಣದ ಕೆಲಸ ಕಷ್ಟ ಎಂದು ನಾನು ತಿಳಿದಿದ್ದೆ. ಕಷ್ಟ ಇದ್ದದ್ದು ಮೊಂಡು ಅಂಚಿನಲ್ಲಿ. ಹರಿತವಾದ ಹತ್ತರಿಯನ್ನು ತಳ್ಳಲು ಭುಜದ ಬಲ ಬೇಕಿಲ್ಲ, ಮೈಯ ಭಾರ ಸಾಕು. 1000 ಮತ್ತು 6000 ನಂಬರಿನ ಎರಡು ಕಲ್ಲು, 25 ಡಿಗ್ರಿಯ ಓರೆ: ಇಷ್ಟು ಕೈಗೆ ಹತ್ತಲು ನನಗೆ ಎರಡು ತಿಂಗಳಾಯಿತು. ಆ ಎರಡು ತಿಂಗಳು ನಾನು ಒಂದು ಸ್ಟೂಲನ್ನೂ ಮಾಡಲಿಲ್ಲ. ಅದಕ್ಕಿಂತ ಒಳ್ಳೆಯ ಎರಡು ತಿಂಗಳು ನನ್ನ ನಿವೃತ್ತಿಯಲ್ಲಿ ಬಂದಿಲ್ಲ.

ಕಲ್ಲಾದ ಮೇಲೆ ಬೆಂಚು. ನಮ್ಮ ಬಡಗಿಗಳು ನೆಲದ ಮೇಲೆ ಕೂತು, ಹಲಗೆಯನ್ನು ಕಾಲಲ್ಲಿ ಅದುಮಿ ಹಿಡಿದು ಮಾಡುವ ಕೆಲಸದ ಸೊಗಸು ಬೇರೆ. ಅರವತ್ತರ ಮಂಡಿಗೆ ಅದು ಹೊಸದಾಗಿ ಬರುವುದಿಲ್ಲ. ನಿಂತು, ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವ ಎತ್ತರಕ್ಕೆ, ಅಲ್ಲಾಡದಷ್ಟು ಭಾರದ ಬೆಂಚು ಬೇಕು. ನನ್ನದನ್ನು ಹಳೆ ಮನೆ ಕೆಡವಿದಾಗ ಸಿಕ್ಕಿದ ಮತ್ತಿ ಮರದ ತೊಲೆಯಿಂದ ಮಾಡಿದೆ. ಹಳೆ ಮರದಷ್ಟು ಒಣಗಿದ ಮರ ಹೊಸದಾಗಿ ಕೊಂಡರೂ ಸಿಗುವುದಿಲ್ಲ, ಆದರೆ ಒಳಗೆ ಅಡಗಿದ ಮೊಳೆಯನ್ನು ಅಯಸ್ಕಾಂತ ಹಿಡಿದು ಹುಡುಕಿಯೇ ಗರಗಸ ಇಡಬೇಕು. ಒಂದು ಬೆಂಚ್ ವೈಸ್, ಎರಡು ಗರಗಸ, ಮೂರು ಉಳಿ, ಹತ್ತರಿ, ಕೊಡತಿ, ಮೂಲೆಮಟ್ಟ. ಕರೆಂಟಿನದು ಎಂದರೆ ತೂತು ಕೊರೆಯುವ ಡ್ರಿಲ್ ಒಂದೇ. ಮಿಕ್ಕಿದ್ದನ್ನು ಕೈಯಲ್ಲಿರುವ ಕೆಲಸ ಕೇಳಿದಾಗ ಮಾತ್ರ ತರುವುದು. ಹೀಗೆ ಬೆಳೆದ ಶೆಡ್ಡಿನಲ್ಲಿ ಪ್ರತಿಯೊಂದು ಉಪಕರಣಕ್ಕೂ ಅದನ್ನು ತರಿಸಿದ ಒಂದು ಕೆಲಸವಿರುತ್ತದೆ. ಒಂದೇ ದಿನ ಕೊಂಡು ತಂದವುಗಳಿಗೆ ಬರೀ ಬಿಲ್ಲು ಇರುತ್ತದೆ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಭುಜ ಹಿಡಿದುಕೊಂಡವರು, ಬೆರಳ ಗಂಟು ಊದಿದವರು ಆರಡಿ ತೇಗವನ್ನು ಕೈಯಲ್ಲಿ ಸೀಳಲಾರರು. ನಿಜ. ನಾನೂ ಸೀಳುವುದಿಲ್ಲ. ಸಾಮಿಲ್‌ನವರು ಅಳತೆಗೆ ಸೀಳಿ, ಬೇಕಾದರೆ ಒರಟು ಮಟ್ಟವನ್ನೂ ಮಾಡಿಕೊಡುತ್ತಾರೆ. ಕೂಡು ಹಾಕುವುದು, ಸವರುವುದು, ಕೂರಿಸುವುದು ಮನೆಯಲ್ಲಿ. ಮನೆಯಲ್ಲಿ ಎರಡನೇ ಯಂತ್ರ ಬೇಕೇಬೇಕು ಎನ್ನುವವರಿಗೆ ನಾನು ಹೇಳುವುದು ಸಣ್ಣ ಬ್ಯಾಂಡ್ ಸಾ. ಅದೂ ಬೆರಳು ತೆಗೆಯಬಲ್ಲದು, ಆದರೆ ಹಲಗೆಯನ್ನು ಎದೆಗೆ ಎಸೆಯುವುದಿಲ್ಲ.

ಸಲಹೆಗಾರರ ಇನ್ನೊಂದು ಮಾತು ಇದಕ್ಕಿಂತ ಹೆಚ್ಚು ಕೆಡುಕು ಮಾಡಿದೆ: “ಹೇಗೂ ಟೈಮ್‌ಪಾಸ್ ತಾನೆ, ಹೇಗಾದರೂ ಇರಲಿ.” ಮರ ಟೈಮ್‌ಪಾಸನ್ನು ಒಪ್ಪುವುದಿಲ್ಲ. ಹಲಗೆ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಮಾರ್ಚಿನಲ್ಲಿ ನಾನು ಬಿಗಿಯಾಗಿ ಕೂರಿಸಿ ಹೆಮ್ಮೆಪಟ್ಟ ಡ್ರಾಯರು ಆಷಾಢದಲ್ಲಿ ಹೊರಗೆ ಬರಲೇ ಇಲ್ಲ. ಸರಿಯಾಗಿ ಒಣಗದ ಹಲಸಿನಲ್ಲಿ ಮಾಡಿದ ಊಟದ ಮಣೆ ಮೂರು ತಿಂಗಳಲ್ಲಿ ದೋಣಿಯಂತೆ ಬಾಗಿತು. ಹಸಿ ಹಲಗೆ ನೆರಳಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. ಚನ್ನಪಟ್ಟಣದ ಗೊಂಬೆಗೆ ಹಾಲೆ ಮರವೇ, ವೀಣೆಗೆ ಹಲಸೇ ಏಕೆ ಎಂಬುದರ ಹಿಂದೆ ತಲೆಮಾರುಗಳ ಗಮನವಿದೆ. ಆ ಗಮನವನ್ನು ಗೌರವಿಸದೆ “ಹವ್ಯಾಸ” ಎಂದು ಶುರುಮಾಡಿದವನೇ ನಾಳೆ ಆಚಾರ್ರ ದಿನಗೂಲಿಗೆ ಚೌಕಾಸಿ ಮಾಡುತ್ತಾನೆ. ನಾನೂ ಹಿಂದೆ ಮಾಡಿದ್ದೇನೆ. ಒಂದು ಕೂಡನ್ನು ಬೆಳಕು ತೂರದಂತೆ ಕೂರಿಸಲು ನನಗೆ ಎಷ್ಟು ದಿನ ಹಿಡಿಯಿತು ಎಂದು ಗೊತ್ತಾದ ಮೇಲೆ ಬಾಯಿ ತಾನಾಗೇ ಮುಚ್ಚಿತು.

ನನ್ನ ಟೇಬಲ್ ಸಾವನ್ನು ಎರಡು ವರ್ಷದ ಕೆಳಗೆ ಕಿಟಕಿ, ಬಾಗಿಲು ಮಾಡುವ ಹುಡುಗನೊಬ್ಬ ಕೊಂಡುಕೊಂಡ. ನಮ್ಮ ಬಡಾವಣೆಯ ಹೊರಗೆ, ಶೀಟು ಹೊದಿಸಿದ ಉದ್ದನೆಯ ಜಾಗದಲ್ಲಿ ಅದು ಬೆಳಗಿನಿಂದ ಸಂಜೆಯವರೆಗೆ ಓಡುತ್ತದೆ. ಹಿಂದೆ ಮುಂದೆ ಹದಿನೈದಡಿ ಖಾಲಿ, ಬ್ಲೇಡಿನ ಹಿಂದೆ ಹಲಗೆ ಕೂಡಿಕೊಳ್ಳದಂತೆ ತಡೆಯುವ ತಗಡನ್ನೂ ಹಾಕಿಸಿದ್ದಾನೆ. ಹಲಗೆ ಸೀಳಿಸುವುದಿದ್ದಾಗ ನಾನು ಅಲ್ಲಿಗೇ ಹೋಗುತ್ತೇನೆ. ಅಡಿಗೆ ಇಷ್ಟು ಎಂದು ಅವನು ಹೇಳುತ್ತಾನೆ, ನಾನು ಎಣಿಸಿ ಕೊಡುತ್ತೇನೆ.