ಹದಿನೆಂಟು ಎಕರೆಯಲ್ಲಿ ಎರಡು

ರೇವಣಸಿದ್ದಪ್ಪ–ಮಲ್ಲಿಕಾರ್ಜುನ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿಗೆ ಬಂದಿರುವ ಹೆಸರು ಅದರ ಯೋಗ್ಯತೆಗೆ ಮೀರಿದ್ದು. ವಿವಾಹೇತರ ಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಸಿಕ್ಕಿತು ಎಂಬ ಮಾತು ನಂಬಿ ಕಳಸದ ಬಳಿಯ ಸಂಸೆಯ ಕಾಫಿ ತೋಟದ ಕೂಲಿಗಳ ಲೈನ್ ಮನೆಯಿಂದ ಯಾರಾದರೂ ಕೋರ್ಟಿಗೆ ಹೋದರೆ, ಬಸ್ ಚಾರ್ಜು ದಂಡ.

ಮೊಕದ್ದಮೆ ನಮ್ಮ ರಾಜ್ಯದ್ದೇ. 2011ರಲ್ಲಿ ಸಿಂಘ್ವಿ–ಗಂಗೂಲಿ ಪೀಠ ಇಂಥ ಮಕ್ಕಳಿಗೆ ಸ್ವಯಾರ್ಜಿತದಲ್ಲಷ್ಟೇ ಪಾಲು ಎಂದಿದ್ದ ಹಳೆಯ ತೀರ್ಪುಗಳನ್ನು ಒಪ್ಪದೆ ದೊಡ್ಡ ಪೀಠಕ್ಕೆ ಕಳಿಸಿತ್ತು. ಅದೆಲ್ಲ ಗೊತ್ತಿರುವ ಕಥೆ. ನೋಡಬೇಕಾದದ್ದು ತೀರ್ಪಿನ ನಡುವಿನ ಕಾಲ್ಪನಿಕ ಹಿಸ್ಸೆ. ತಂದೆ ಸಾಯುವುದಕ್ಕೆ ತುಸು ಮುಂಚೆ ಆಸ್ತಿ ಪಾಲಾಗಿತ್ತು ಎಂದುಕೊಳ್ಳಬೇಕು; ಅವನ ಭಾಗಕ್ಕೆ ಬಂದದ್ದರಲ್ಲಿ ಮಾತ್ರ ಅಸಿಂಧು ಮದುವೆಯಲ್ಲಿ ಹುಟ್ಟಿದ ಮಗುವಿಗೂ ಸಮಪಾಲು. ಹುಟ್ಟಿನಿಂದ ಬರುವ ಹಕ್ಕು ಇಲ್ಲ.

ಲೆಕ್ಕ ಹಾಕೋಣ. 18 ಎಕರೆ ಪಿತ್ರಾರ್ಜಿತ ಕಾಫಿ ತೋಟ. ಮೊದಲ ಹೆಂಡತಿಯ ಇಬ್ಬರು ಗಂಡುಮಕ್ಕಳು, ಆಕೆ ಬದುಕಿದ್ದಾಗಲೇ ಕಟ್ಟಿಕೊಂಡವಳ ಒಬ್ಬ ಮಗ. ಆಮೇಲೆ ಮೊದಲ ಹೆಂಡತಿ ತೀರಿಕೊಂಡಳು, ಕೊನೆಗೆ ಯಜಮಾನನೂ. ಕಾಲ್ಪನಿಕ ಹಿಸ್ಸೆಯಲ್ಲಿ ಅಪ್ಪನಿಗೆ 6, ಆ ಇಬ್ಬರಿಗೆ ಆರಾರು. ಅಪ್ಪನ 6 ಮೂರು ಪಾಲಾಗಿ ತಲಾ 2. ಅಣ್ಣಂದಿರಿಗೆ ಎಂಟೆಂಟು, ಇವನಿಗೆ 2.

ಈಗ ಕಲ್ಯಾಣದ ವಿಜ್ಞಾನೇಶ್ವರನನ್ನು ಕೇಳಿ. ಆರನೇ ವಿಕ್ರಮಾದಿತ್ಯನ ಕಾಲದ ಅವನ ಧರ್ಮಶಾಸ್ತ್ರ ವ್ಯಾಖ್ಯಾನ ‘ಮಿತಾಕ್ಷರಾ’, ಶೂದ್ರನಿಗೆ ದಾಸಿಯಲ್ಲಿ ಹುಟ್ಟಿದವನಿಗೆ ಅಣ್ಣತಮ್ಮಂದಿರು ಅರ್ಧ ಪಾಲು ಕೊಡಲಿ ಎನ್ನುತ್ತದೆ. ಔರಸನಾಗಿದ್ದರೆ ಸಿಗುತ್ತಿದ್ದುದರ ಅರ್ಧ ಎಂದು ಬ್ರಿಟಿಷರ ಕಾಲದ ಕೋರ್ಟುಗಳು ಅದನ್ನು ಓದಿದವು. ಅಂದರೆ 3 ಎಕರೆ! ಅದು ಜಾತಿಗೆ ಗಂಟುಹಾಕಿದ ನಿಯಮ, ಹೆಣ್ಣುಮಕ್ಕಳಿಗೆ ಅದರಲ್ಲಿ ಏನೂ ಇರಲಿಲ್ಲ. ಅದನ್ನು ಮರಳಿ ತನ್ನಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಪಾಲಿಗೆ ತಾಳಿಯ ಸಾಕ್ಷಿ ಬೇಕಿರಲಿಲ್ಲ. ಈ ತೀರ್ಪಿಗೆ ಬೇಕು. ಹಿಂದೂ ವಿವಾಹ ಕಾಯ್ದೆಯ 16ನೇ ಕಲಮಿನ ಪ್ರಕಾರ, ಅಸಿಂಧುವಾದರೂ ಸರಿ, ಒಂದು ಮದುವೆ ನಡೆದಿರಲೇಬೇಕು. ಗುಟ್ಟಾಗಿ ಎರಡನೇ ತಾಳಿ ಕಟ್ಟಿದವನ ಮಕ್ಕಳಿಗೆ ಭೂಮಿ. ಏನನ್ನೂ ಕಟ್ಟದೆ ಜಾರಿಕೊಂಡವನ ಮಕ್ಕಳಿಗೆ ಜೀವನಾಂಶದ ಅರ್ಜಿ.

ಹೊಗಳುಭಟರ ಬಳಿ ಇದಕ್ಕೆ ಎರಡು ಸಮಜಾಯಿಷಿಗಳಿವೆ. ಬಹುಕಾಲ ಕೂಡಿ ಬಾಳಿದ್ದರೆ ಕೋರ್ಟು ಮದುವೆಯೆಂದೇ ಭಾವಿಸುತ್ತದಲ್ಲ ಎನ್ನುವುದು ಒಂದು. ಭಾವಿಸುತ್ತದೆ, ಕೂಡಿ ಬಾಳಿದ್ದಕ್ಕೆ ಪುರಾವೆ ಇದ್ದರೆ. ಬಂಗಲೆಯಿಂದ ಕತ್ತಲಾದ ಮೇಲೆ ಲೈನಿಗೆ ಬಂದು ಹೋದವನ ಹೆಸರು ಯಾವ ರೇಷನ್ ಕಾರ್ಡಿನಲ್ಲಿ ಇರುತ್ತದೆ? ಪೀಠದ ಮುಂದಿದ್ದದ್ದೇ 16ನೇ ಕಲಂ ಎನ್ನುವುದು ಇನ್ನೊಂದು. ಒಪ್ಪಿದೆ, ಹಾಗಾದರೆ ಹೊಗಳಿಕೆಯೂ ಅಷ್ಟಕ್ಕೇ ನಿಲ್ಲಲಿ. ಕುಟುಂಬ ಒಡೆಯಿತೆಂದು ಗೋಳಾಡುವ ಇನ್ನೊಂದು ಗುಂಪಂತೂ ತೀರ್ಪು ಓದಿದಂತೆಯೇ ಕಾಣುವುದಿಲ್ಲ. ಅವರ ಎಂಟೆಂಟು ಎಕರೆ ಎಲ್ಲಿಗೂ ಹೋಗಿಲ್ಲ.

ಪೀಠಕ್ಕೆ ಸಲ್ಲಬೇಕಾದದ್ದು ಸಲ್ಲಲಿ: ಸ್ವಯಾರ್ಜಿತಕ್ಕಷ್ಟೇ ಬೇಲಿ ಹಾಕಿದ್ದ ಹಳೆಯ ತೀರ್ಪುಗಳನ್ನು ಅದು ದಾಟಿತು. ಆದರೆ ಮದುವೆಯೇ ಇಲ್ಲದೆ ಹುಟ್ಟಿದ ಮಗು ತಾಯಿಗೆ ಮಾತ್ರ ಸಂಬಂಧಿ ಎಂಬ 1956ರ ಉತ್ತರಾಧಿಕಾರ ಕಾಯ್ದೆಯ ಮಾತು ಹಾಗೇ ಉಳಿದಿದೆ. ತಾಯಿಯ ಸಂಬಂಧಕ್ಕೆ ಇದೇ ಸೀಮೆಯಲ್ಲಿ ಒಂದು ಕಾಲಕ್ಕೆ ಬೇರೆಯೇ ಬೆಲೆ ಇತ್ತು: ಕಳಸವನ್ನು ಆಳಿದ ಭೈರರಸರದ್ದು ತಾಯಿಯ ಕಡೆಯಿಂದ ವಾರಸು ಸಾಗುವ ಅಳಿಯಸಂತಾನ. ಆ ಕಟ್ಟಿನಲ್ಲಿ ತಾಯಿಯ ಕಡೆಯವನಾಗುವುದೆಂದರೆ ಮನೆಗೂ ಭೂಮಿಗೂ ಸೇರಿದವನಾಗುವುದು. ಲೈನಿನ ತಾಯಿಯ ಮನೆ ತೋಟದ ಮಾಲೀಕನದು. ಅವಳ ಮಗು ವಾರಸುದಾರನಾಗುವುದು ಹೆಚ್ಚೆಂದರೆ ಅವಳ ಪಿ.ಎಫ್. ಹಣಕ್ಕೆ, ಅದೂ ಮಾಲೀಕ ಕಟ್ಟಿದ್ದರೆ.