ಅಭಿಷೇಕ ಮಾಡುವವನ ಹಕ್ಕು

‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಆರನೇ ಸೀಸನ್ನಿನ ಕೊನೆಯ ಕಂತು 2016ರ ಜೂನ್‌ನಲ್ಲಿ ಬಂತು. ಅದರಲ್ಲಿ ಸೆರ್ಸಿ ಲ್ಯಾನಿಸ್ಟರ್ ರಾಜಧಾನಿಯ ಮಹಾದೇಗುಲವನ್ನೇ ಹಸಿರು ಬೆಂಕಿಯಲ್ಲಿ ಸ್ಫೋಟಿಸುತ್ತಾಳೆ. ಒಳಗಿದ್ದ ಪ್ರಧಾನ ಪುರೋಹಿತ, ಅಂದರೆ ಎಲ್ಲರೂ ‘ಹೈ ಸ್ಪ್ಯಾರೋ’ ಎಂದು ಕರೆಯುವ ಮುದುಕ, ಬೂದಿಯಾಗುತ್ತಾನೆ. ಮುದುಕನಿಗೆ ತಕ್ಕ ಶಾಸ್ತಿಯಾಯಿತು ಎಂದು ನೋಡಿದವರು ಖುಷಿಪಟ್ಟರು. ಆತ ಮತಾಂಧ, ವಿನಯದ ಸೋಗು ಹಾಕಿದ ಅಧಿಕಾರದಾಹಿ, ದೇವರ ಪೂಜೆ ಮಾಡಿಕೊಂಡಿರಬೇಕಾದವನು ಗದ್ದುಗೆಯ ಜಗಳದಲ್ಲಿ ಮೂಗು ತೂರಿಸಿ ರಾಜ್ಯ ಕೆಡಿಸಿದ ಎಂಬ ಮಾತು ಅಂದಿನಿಂದ ಗಟ್ಟಿಯಾಗಿ ನಿಂತುಬಿಟ್ಟಿದೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಮೂಲ ಕಾದಂಬರಿಗಳನ್ನು ಓದಿದವರೂ ಇದನ್ನೇ ಹೇಳುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಪುಸ್ತಕದಲ್ಲಿರುವ ಪುರೋಹಿತ ಬೇರೆ, ಅವನು ನಿಂತಿರುವ ನೆಲವೂ ಬೇರೆ.

ಕಥೆ ನಡೆಯುವ ವೆಸ್ಟರೋಸ್‌ನಲ್ಲಿ ಗದ್ದುಗೆಯ ವಿಷಯಕ್ಕೂ ಪುರೋಹಿತನಿಗೂ ಏನು ಸಂಬಂಧ ಎಂದು ಕೇಳುವವರು ಆ ರಾಜ್ಯ ಹುಟ್ಟಿದ ಬಗೆಯನ್ನು ನೆನೆಯಬೇಕು. ಡ್ರ್ಯಾಗನ್‌ಗಳೊಂದಿಗೆ ದಂಡೆತ್ತಿ ಬಂದ ಏಗನ್ ಟಾರ್ಗೇರಿಯನ್ ಹಲವು ರಾಜ್ಯಗಳನ್ನು ಬೆಂಕಿಯಿಂದ ಬಗ್ಗಿಸಿದ. ಓಲ್ಡ್‌ಟೌನ್ ನಗರ ಸುಡದೆ ಉಳಿಯಿತು. ಅಲ್ಲಿನ ಪ್ರಧಾನ ಪುರೋಹಿತ ಏಳು ಹಗಲು ಏಳು ರಾತ್ರಿ ಉಪವಾಸವಿದ್ದು ಪ್ರಾರ್ಥಿಸಿ, ಎದುರಿಸಿದರೆ ನಗರ ಉಳಿಯುವುದಿಲ್ಲ ಎಂದು ನಗರದ ಒಡೆಯನಿಗೆ ತಿಳಿಹೇಳಿದ. ಬಾಗಿಲು ತೆರೆಯಿತು, ಪುರೋಹಿತನೇ ಏಗನ್‌ಗೆ ತೈಲಾಭಿಷೇಕ ಮಾಡಿದ. ಟಾರ್ಗೇರಿಯನ್ನರ ಕಾಲಗಣನೆ ಶುರುವಾಗುವುದು ಯುದ್ಧ ಗೆದ್ದ ದಿನದಿಂದಲ್ಲ, ಆ ಅಭಿಷೇಕದಿಂದ. ಡ್ರ್ಯಾಗನ್ ಕೊಟ್ಟಿದ್ದು ನೆಲ, ಪುರೋಹಿತ ಕೊಟ್ಟಿದ್ದು ದೊರೆತನ. ಇಂಥ ಕಡೆ ಪುರೋಹಿತನನ್ನು ಪಟ್ಟದ ವಿಷಯದಿಂದ ದೂರವಿಡುವ ಮಾತೇ ಹುಟ್ಟುವುದಿಲ್ಲ.

ಮುಂದಿನ ಪೀಳಿಗೆಯಲ್ಲಿ ಈ ನಂಟು ಕಡಿದುಬಿತ್ತು. ಟಾರ್ಗೇರಿಯನ್ ಮನೆತನದ ಅಣ್ಣ ತಂಗಿಯರ ಮದುವೆಯನ್ನು ಧರ್ಮಪೀಠ ಖಂಡಿಸಿತು, ದೇವಸ್ಥಾನದ ಪಡೆಗಳು ಕತ್ತಿ ಹಿಡಿದವು. ದೊರೆ ಮೇಗರ್ ಆ ಪಡೆಯವರ ತಲೆಗೆ ಬೆಲೆ ಕಟ್ಟಿದ: ಯೋಧನದಾದರೆ ಚಿನ್ನದ ನಾಣ್ಯ, ಬಡ ಭಕ್ತನದಾದರೆ ಬೆಳ್ಳಿಯದು. ರಕ್ತಪಾತ ಸಾಕಾದ ಮೇಲೆ ಜೆಹೇರಿಸ್ ಎಂಬ ಜಾಣ ದೊರೆ ಒಪ್ಪಂದ ಮಾಡಿಕೊಂಡ. ಧರ್ಮಪೀಠ ಆಯುಧ ಬಿಡಬೇಕು, ಅದಕ್ಕೆ ಪ್ರತಿಯಾಗಿ ಅದನ್ನು ಕಾಯುವ ಹೊಣೆ ಅರಮನೆಯದು. ಮುಂದಿನದಕ್ಕೆಲ್ಲ ಈ ಒಪ್ಪಂದವೇ ಬುಡ. ಹೈ ಸ್ಪ್ಯಾರೋನನ್ನು ದೂರುವವರು ಇದನ್ನು ಮಾತ್ರ ಎತ್ತುವುದೇ ಇಲ್ಲ.

ಕಾದಂಬರಿಗಳ ಕಾಲದ ಐವರು ದೊರೆಗಳ ಯುದ್ಧದಲ್ಲಿ ಆ ಹೊಣೆ ಏನಾಯಿತು? 2005ರಲ್ಲಿ ಬಂದ ‘ಎ ಫೀಸ್ಟ್ ಫಾರ್ ಕ್ರೋಸ್’ ಕಾದಂಬರಿಯ ಮೊದಲ ಭಾಗದಲ್ಲೇ ಯೋಧೆ ಬ್ರಿಯೆನ್ ದಾರಿಯಲ್ಲಿ ಒಂದು ಗುಂಪನ್ನು ಕಾಣುತ್ತಾಳೆ. ಹರಕು ಬಟ್ಟೆಯ ರೈತರು, ಹೆಂಗಸರು, ಬರಿಗಾಲಿನ ಪೂಜಾರಿಗಳು ಬಂಡಿಯೊಂದನ್ನು ಎಳೆದು ತರುತ್ತಿದ್ದಾರೆ. ಬಂಡಿಯ ತುಂಬ ತಲೆಬುರುಡೆ, ಮೂಳೆ. ಅವು ದೊರೆಗಳ ಸೈನ್ಯಗಳು ಕೊಂದ ಪೂಜಾರಿಗಳದು, ಸನ್ಯಾಸಿನಿಯರದು. ದೇಗುಲ ಸುಟ್ಟವರಲ್ಲಿ ಎಲ್ಲ ಬಾವುಟದವರೂ ಇದ್ದರು. ಆ ಮೂಳೆಗಳನ್ನು ರಾಜಧಾನಿಗೆ ಹೊತ್ತು ತಂದು ಮಹಾದೇಗುಲದ ಮುಂದೆ ಬೇಲರ್ ದೊರೆಯ ಪ್ರತಿಮೆಯ ಸುತ್ತ ರಾಶಿ ಹಾಕುತ್ತಾರೆ. ಇವರೇ ‘ಸ್ಪ್ಯಾರೋ’ಗಳು, ಅಂದರೆ ಗುಬ್ಬಚ್ಚಿಗಳು. ಆಯುಧ ಬಿಟ್ಟವರನ್ನು ಕಾಯುತ್ತೇನೆ ಎಂದಿದ್ದ ಅರಮನೆ ಕಾಯಲಿಲ್ಲ. ಒಪ್ಪಂದ ಮೊದಲು ಮುರಿದದ್ದು ಅರಮನೆ.

ಅರಮನೆಯ ತಪ್ಪು ಇದೊಂದೇ ಅಲ್ಲ. ರಾಜಮಾತೆ ಸೆರ್ಸಿ ಹಿಂದಿನ ಪ್ರಧಾನ ಪುರೋಹಿತನನ್ನು ತನ್ನ ವೈರಿ ಟಿರಿಯನ್ ಆರಿಸಿದ್ದ ಎಂಬ ಒಂದೇ ಕಾರಣಕ್ಕೆ ಆತನನ್ನು ಮಲಗಿದಲ್ಲೇ ದಿಂಬು ಒತ್ತಿಸಿ ಕೊಲ್ಲಿಸಿದಳು. ಹೊಸಬನ ಆಯ್ಕೆಗೆ ಹಿರಿಯರು ಕೂತಿದ್ದಾಗ ಗುಬ್ಬಚ್ಚಿಗಳು ಬಾಗಿಲು ಒಡೆದು ಒಳನುಗ್ಗಿ, ತಮ್ಮವನನ್ನು ಹೆಗಲ ಮೇಲೆ ಹೊತ್ತು ತಂದರು. ಧಾರಾವಾಹಿಯಲ್ಲಿ ಇದೆಲ್ಲ ಮಾಯ. ಅಲ್ಲಿ ಹಳಬನನ್ನು ಸೂಳೆಗೇರಿಯಲ್ಲಿ ಹಿಡಿದು ಮಾನ ಕಳೆಯುತ್ತಾರೆ, ಸೆರ್ಸಿಯೇ ಈ ಮುದುಕನನ್ನು ಪೀಠಕ್ಕೇರಿಸುತ್ತಾಳೆ. ಹೀಗೆ ಬದಲಿಸಿದ ಮೇಲೆ ಆತ ಉಪ್ಪಿಟ್ಟವರಿಗೇ ಎರಡು ಬಗೆದವನಾಗಿ ಕಾಣದೆ ಇನ್ನೇನು? ಪುಸ್ತಕದಲ್ಲಿ ಆತ ಅರಮನೆಯ ಋಣದಲ್ಲಿಲ್ಲ. ಅವನನ್ನು ಕೂರಿಸಿದ್ದು ಊರು ಮನೆ ಕಳೆದುಕೊಂಡ ಜನ.

ಈಗ ಪಟ್ಟದ ವಿಷಯ. ಸೆರ್ಸಿಯ ಎಂಟು ವರ್ಷದ ಮಗ ಟೊಮೆನ್ ಸಿಂಹಾಸನದಲ್ಲಿದ್ದಾನೆ. ಅವನು ದೊರೆ ರಾಬರ್ಟನ ಮಗನೇ ಅಲ್ಲ, ಸೆರ್ಸಿ ತನ್ನ ಅವಳಿ ಸಹೋದರನಿಗೆ ಹೆತ್ತವನು ಎಂದು ರಾಬರ್ಟನ ತಮ್ಮ ಸ್ಟ್ಯಾನಿಸ್ ರಾಜ್ಯದ ಉದ್ದಗಲಕ್ಕೆ ಪತ್ರ ಕಳಿಸಿದ್ದಾನೆ. ಆ ಮಾತು ನಿಜ ಎಂದು ಓದುಗರಿಗೆ ಗೊತ್ತು. ಇಂಥ ಹೊತ್ತಿನಲ್ಲಿ ಹೊಸ ಪುರೋಹಿತ ಹುಡುಗನಿಗೆ ಆಶೀರ್ವಾದ ಮಾಡದೆ ತಡೆಹಿಡಿಯುತ್ತಾನೆ. ಕರೆ ಕಳಿಸಿದರೂ ಅರಮನೆಗೆ ಬರುವುದಿಲ್ಲ. ಸೆರ್ಸಿಯೇ ದೇಗುಲಕ್ಕೆ ಹೋಗುತ್ತಾಳೆ. ಅಲ್ಲಿ ಹಿರಿಯ ಪುರೋಹಿತರು ಮೊಣಕಾಲೂರಿ ನೆಲ ಉಜ್ಜುತ್ತಿದ್ದಾರೆ, ಪೀಠಾಧಿಪತಿಯೂ ಅವರ ಜೊತೆಗಿದ್ದಾನೆ. ಹರಳಿನ ಕಿರೀಟ ಎಲ್ಲಿ ಎಂದರೆ, ಹಸಿದವರ ಊಟಕ್ಕಾಗಿ ಮಾರಿಯಾಗಿದೆ. ಅಲ್ಲಿ ನಡೆಯುವ ವ್ಯವಹಾರ ಬಹಳ ಸ್ಪಷ್ಟ. ಅರಮನೆ ಧರ್ಮಪೀಠಕ್ಕೆ 9 ಲಕ್ಷಕ್ಕೂ ಹೆಚ್ಚು ಚಿನ್ನದ ನಾಣ್ಯ ಬಾಕಿಯಿದೆ. ಪೀಠ ಸಾಲ ಮನ್ನಾ ಮಾಡುತ್ತದೆ, ಟೊಮೆನ್‌ಗೆ ಆಶೀರ್ವದಿಸುತ್ತದೆ. ಪ್ರತಿಯಾಗಿ ಆಯುಧ ನಿಷೇಧಿಸಿದ್ದ ಮೇಗರನ ಕಾಯಿದೆ ರದ್ದಾಗಿ ಪಡೆಗಳಿಗೆ ಆಯುಧ ಮರಳುತ್ತದೆ. ಭಾರಿ ಲಾಭದ ಚೌಕಾಸಿ ಮಾಡಿದೆ ಎಂದು ಹಿಗ್ಗುತ್ತ ಸೆರ್ಸಿ ಹಿಂದಿರುಗುತ್ತಾಳೆ. ಮಗನ ಪಟ್ಟ ಎಷ್ಟು ಟೊಳ್ಳು ಎಂಬುದು ಅವಳಿಗೆ ತಿಳಿದಿತ್ತು, ಅದಕ್ಕೇ ಇಷ್ಟು ದೊಡ್ಡ ಬೆಲೆ ತೆತ್ತಳು. ಮತಾಂಧ ಮುದುಕ ಕತ್ತಿ ಕಸಿದುಕೊಂಡ ಎನ್ನುವುದು ಹೇಗೆ ಸರಿ? ಅರಮನೆಯೇ ಸಹಿ ಹಾಕಿ ಕೊಟ್ಟಿತು.

ಆಮೇಲೆ ನಡೆದದ್ದನ್ನೂ ನೋಡಿ. ಸೊಸೆ ಮಾರ್ಜರಿಯನ್ನು ಕೆಡವಲು ಸೆರ್ಸಿ ಆಸ್ನಿ ಕೆಟಲ್‌ಬ್ಲ್ಯಾಕ್ ಎಂಬವನನ್ನು ಸುಳ್ಳು ತಪ್ಪೊಪ್ಪಿಗೆಗೆ ಕಳಿಸುತ್ತಾಳೆ. ಪುರೋಹಿತ ಬರೀ ಧರ್ಮದ ಅಮಲಿನವನಾಗಿದ್ದರೆ ಅದನ್ನು ಬಾಯಿ ಚಪ್ಪರಿಸಿ ನುಂಗಬೇಕಿತ್ತು. ಅವನು ಅನುಮಾನಿಸಿದ, ಕೆದಕಿದ, ಹಿಂದಿನ ಪೀಠಾಧಿಪತಿಯ ಕೊಲೆಯವರೆಗೆ ಎಳೆ ಹಿಡಿದು ಹೋದ. ಆ ನಗರದಲ್ಲಿ ದೂರೊಂದನ್ನು ಪರೀಕ್ಷಿಸಿದ ನ್ಯಾಯಾಧೀಶ ಅವನೊಬ್ಬನೇ. ಸಾಕ್ಷ್ಯ ಬಲವಿಲ್ಲ ಎಂದು ಮಾರ್ಜರಿಯನ್ನು ವಿಚಾರಣೆಯವರೆಗೆ ಬಿಟ್ಟೂ ಕಳಿಸಿದ. ಸೆರ್ಸಿ ಸೆರೆಯಲ್ಲಿದ್ದಾಗಲೂ ಟೊಮೆನ್‌ನನ್ನು ಗದ್ದುಗೆಯಿಂದ ಇಳಿಸಲಿಲ್ಲ, ಸ್ಟ್ಯಾನಿಸ್‌ಗೆ ಬಾಗಿಲು ತೆರೆಯಲಿಲ್ಲ. ಗದ್ದುಗೆ ಉರುಳಿಸುವ ಹುಚ್ಚಿನವನ ನಡೆ ಇದಲ್ಲ.

ಇದೇ ಜಗಳದಲ್ಲಿ ಇನ್ನೊಬ್ಬ ಪುರೋಹಿತೆಯೂ ಇದ್ದಾಳೆ. ಕೆಂಪು ದೇವರ ಮೆಲಿಸಾಂಡ್ರೆ ಸ್ಟ್ಯಾನಿಸ್‌ಗೆ ನೀನೇ ಭವಿಷ್ಯವಾಣಿಯ ವೀರ ಎಂದು ನಂಬಿಸಿ, ಡ್ರ್ಯಾಗನ್‌ಸ್ಟೋನ್‌ನಲ್ಲಿ ಏಳು ದೇವರ ಮೂರ್ತಿಗಳನ್ನು ಸುಡಿಸಿ, ಎದುರಾಳಿ ತಮ್ಮನನ್ನು ಮಾಟದ ನೆರಳಿನಿಂದ ಕೊಲ್ಲಿಸಿದಳು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿದ್ದಾರೆ. ಒಬ್ಬಳು ದೊರೆಗೆ ಹೌದೆನ್ನಲು ಬಂದವಳು, ಇನ್ನೊಬ್ಬ ದೊರೆಯನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದವನು. ಪಟ್ಟದ ತಕರಾರಿನಲ್ಲಿ ಪುರೋಹಿತನಿಂದ ಆಗುವ ಅನಾಹುತವೆಲ್ಲ ಮೊದಲ ಬಗೆಯಲ್ಲಿದೆ.

ಹಾಗೆಂದು ಈ ಮುದುಕನನ್ನು ಸಂತನ ಪೀಠದಲ್ಲಿ ಕೂರಿಸಲಾರೆ. ಆಸ್ನಿಯ ಬಾಯಿ ಬಿಡಿಸಿದ್ದು ಚಾವಟಿ. ಸೆರ್ಸಿಯ ತಲೆ ಬೋಳಿಸಿ, ಬೆತ್ತಲೆಯಾಗಿ ದೇಗುಲದಿಂದ ಅರಮನೆಯವರೆಗೆ ನಡೆಸಿದ್ದು ಯಾವ ಲೆಕ್ಕದಲ್ಲೂ ನ್ಯಾಯವಲ್ಲ. ಅದಕ್ಕಿಂತ ನನ್ನನ್ನು ಕೆರಳಿಸುವುದು ಲ್ಯಾನ್ಸೆಲ್‌ನ ಪ್ರಸಂಗ. ಸೆರ್ಸಿಯ ಹಾದರದಲ್ಲಿ ಅವನು ಪಾಲುದಾರ, ದೊರೆ ರಾಬರ್ಟನಿಗೆ ಮದ್ಯ ಕುಡಿಸಿ ಸಾವಿನ ದಾರಿ ಹಿಡಿಸಿದವನೂ ಅವನೇ. ತಪ್ಪೊಪ್ಪಿಕೊಂಡ ಅವನಿಗೆ ಯೋಧನ ಕತ್ತಿ ಸಿಕ್ಕಿತು, ಅವಳಿಗೆ ಬೀದಿಯ ಕೆಸರು. ಮೂಳೆಗಳ ಬಂಡಿ ಎಳೆದು ತಂದವರ ದೂರು ದೇಗುಲ ಸುಟ್ಟ, ಪೂಜಾರಿಗಳನ್ನು ಕೊಂದ ಸೇನಾಪತಿಗಳ ಮೇಲಿತ್ತು. ಅವರಲ್ಲೊಬ್ಬನೂ ಆ ಕಟಕಟೆ ಹತ್ತಲಿಲ್ಲ. ಹೆಂಗಸರ ಹಾಸಿಗೆಯ ವಿಚಾರಣೆಗೇ ಪುರೋಹಿತ ತನ್ನ ಶಕ್ತಿಯನ್ನೆಲ್ಲ ಸವೆಸಿದ. ಅವನನ್ನು ಬಯ್ಯುವುದಿದ್ದರೆ ಇದಕ್ಕೆ ಬಯ್ಯಬೇಕು. ಗದ್ದುಗೆಯನ್ನು ಪ್ರಶ್ನಿಸಿದ್ದಕ್ಕಲ್ಲ, ಆ ಪ್ರಶ್ನೆಯನ್ನು ಅರ್ಧದಲ್ಲಿ ಕೈಬಿಟ್ಟು ಜನರ ನೋವಿಗೆ ಮೋಸ ಮಾಡಿದ್ದಕ್ಕೆ.

ಧಾರಾವಾಹಿ ನೋಡಿ ತೀರ್ಪು ಕೊಟ್ಟವರು ‘ಎ ಫೀಸ್ಟ್ ಫಾರ್ ಕ್ರೋಸ್’ನಲ್ಲಿ ಸೆರ್ಸಿಯ ಅಧ್ಯಾಯಗಳ ಜೊತೆ ಬ್ರಿಯೆನ್‌ಳ ಅಧ್ಯಾಯಗಳನ್ನೂ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅರಮನೆಯ ಕಿಟಕಿಯಿಂದ ಕಾಣದ್ದು ಆ ದಾರಿಯಲ್ಲಿ ಕಾಣುತ್ತದೆ. ಮಾರ್ಟಿನ್ ಈ ಮುದುಕನ ಕಥೆಯನ್ನು ಇನ್ನೂ ಮುಗಿಸಿಲ್ಲ. 2011ರಲ್ಲಿ ಬಂದ ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’ ಕೊನೆಗೊಂಡಾಗ ದೇಗುಲ ನಿಂತೇ ಇದೆ, ಪುರೋಹಿತ ಬದುಕಿದ್ದಾನೆ, ಸೆರ್ಸಿಯ ವಿಚಾರಣೆ ನಡೆಯುವುದು ಬಾಕಿಯಿದೆ.